ಬಾಲಿಗೆ ಹೊರಟವರು ಕೈಯಲ್ಲಿ ದುಡ್ಡು ಹೇಗೆ ಇಟ್ಟುಕೊಳ್ಳಬೇಕು

ಬ್ಯಾಂಕಿನ ಕ್ಯಾಷ್ ಕೌಂಟರ್‌ನಲ್ಲಿ 31 ವರ್ಷ ಕೂತವಳು ನಾನು. ರಿಟೈರ್ ಆದ ಮೇಲೆ, 2025ರ ಜೂನ್‌ನಲ್ಲಿ, ನಾನೂ ನಮ್ಮ ಯಜಮಾನರೂ ಆರು ದಿನ ಬಾಲಿಗೆ ಹೋಗಿ ಬಂದೆವು. ಬಂದಾಗಿನಿಂದ ಬಸವನಗುಡಿಯ ನಮ್ಮ ರಸ್ತೆಯಲ್ಲಿ ಮೂರು ಮನೆಯವರು ಒಂದೇ ಪ್ರಶ್ನೆ ಕೇಳಿದ್ದಾರೆ. "ದುಡ್ಡು ಎಷ್ಟು ತಗೊಂಡು ಹೋದ್ರಿ? ಹೇಗೆ ತಗೊಂಡು ಹೋದ್ರಿ?" ಮೂವರಿಗೂ ಕಾಂಪೌಂಡ್ ಹತ್ತಿರ ನಿಂತು ಹೇಳಿದೆ. ಪ್ರತಿ ಸಲವೂ ಏನೋ ಒಂದು ಬಿಟ್ಟುಹೋಯಿತು. ಹಾಗಾಗಿ ಈಗ ಕೂತು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಬೆಂಗಳೂರಿನಲ್ಲಿ ಇರುವ ನಮಗೆ ನೋಟಿನ ಅಭ್ಯಾಸ ತಪ್ಪಿದೆ. ಗಾಂಧಿ ಬಜಾರಿನಲ್ಲಿ ಒಂದು ಮೊಳ ಮಲ್ಲಿಗೆ ತಗೊಂಡರೂ ಮೊಬೈಲ್ ಎತ್ತಿ ಸ್ಕ್ಯಾನ್ ಮಾಡುತ್ತೇವೆ. ಚಿಲ್ಲರೆ ಎಣಿಸಿ ಎಷ್ಟು ದಿನ ಆಯಿತು, ನೆನಪು ಮಾಡಿಕೊಳ್ಳಿ. ಇದೇ ಕೈ ಬಾಲಿಗೆ ಹೋದ ಕೂಡಲೇ ಲಕ್ಷಗಟ್ಟಲೆ ನೋಟು ಹಿಡಿಯಬೇಕಾಗುತ್ತದೆ. ಶ್ರೀಲಂಕಾ, ಮಾರಿಷಸ್ ಎರಡರಲ್ಲೂ 2024ರ ಫೆಬ್ರವರಿಯಲ್ಲಿ ನಮ್ಮ ಯುಪಿಐ ಶುರುವಾಗಿದೆ. ಬಾಲಿಯಲ್ಲಿ ಆ ಧೈರ್ಯದ ಮೇಲೆ ಹೋಗಬೇಡಿ. ದೊಡ್ಡ ಹೋಟೆಲು, ದೊಡ್ಡ ಅಂಗಡಿಗಳಲ್ಲಿ ಕಾರ್ಡ್ ನಡೆಯುತ್ತದೆ. ರಸ್ತೆ ಬದಿಯ ಊಟದ ಅಂಗಡಿ, ಕಾರಿನ ಡ್ರೈವರ್, ದೇವಸ್ಥಾನದ ಪಾರ್ಕಿಂಗ್, ಎಳನೀರು, ಬೀಚಿನಲ್ಲಿ ಕುರ್ಚಿ, ಇದೆಲ್ಲ ನೋಟಿನಲ್ಲೇ ಸುಲಭ.

ಇಲ್ಲಿಂದ ಹೊರಡುವ ಮುಂಚೆ

ನಾವು 600 ಡಾಲರ್ ತಗೊಂಡೆವು. ಆರು ನೋಟು, ನೂರರದ್ದು. ಅಲ್ಲಿನ ದುಡ್ಡು ರುಪಿಯಾ. ಅದನ್ನು ಇಲ್ಲಿಂದಲೇ ಕೊಂಡು ಹೋಗುವ ಯೋಚನೆ ಬಿಡಿ. ಬೆಂಗಳೂರಿನಲ್ಲಿ ಅದು ಸಿಗುವುದು ಕಡಿಮೆ, ಸಿಕ್ಕರೂ ರೇಟು ಚೆನ್ನಾಗಿರುವುದಿಲ್ಲ. ಡಾಲರ್ ತಗೊಂಡು ಅಲ್ಲಿ ಬದಲಾಯಿಸುವುದೇ ಲಾಭ. ನಮ್ಮ ರೂಪಾಯಿ ನೋಟನ್ನು ಅಲ್ಲಿ ಕೊಟ್ಟು ರುಪಿಯಾ ತಗೊಳ್ಳೋಣ ಅಂತ ಕೆಲವರು ಹೋಗುತ್ತಾರೆ. ತಗೊಳ್ಳುವ ಅಂಗಡಿ ಬೆರಳೆಣಿಕೆ. ಅವರು ಕೊಡುವ ರೇಟು ನೋಡಿದರೆ ಹೊಟ್ಟೆ ಉರಿಯುತ್ತದೆ.

ನೂರರ ನೋಟನ್ನೇ ಯಾಕೆ ತಗೊಳ್ಳಬೇಕು ಅಂದರೆ, ಬಾಲಿಯಲ್ಲಿ ದೊಡ್ಡ ನೋಟಿಗೆ ಒಂದು ರೇಟು, ಹತ್ತು ಇಪ್ಪತ್ತರ ನೋಟಿಗೆ ಅದಕ್ಕಿಂತ ಕಡಿಮೆ ರೇಟು. ಡಾಲರ್ ಅಂದರೆ ಡಾಲರ್ ಅಲ್ವಾ ಅಂತ ನಾವು ಅಂದುಕೊಳ್ಳುತ್ತೇವೆ. ಅವರ ಬೋರ್ಡಿನಲ್ಲಿ ಬೇರೆ ಬೇರೆ ಸಾಲು ಇರುತ್ತದೆ. ನೋಟು ಹೊಸದಾಗಿರಬೇಕು. ನೂರು ಡಾಲರ್ ನೋಟಿನ ನಡುವೆ ನೀಲಿ ಪಟ್ಟಿ ಇರುವುದು 2013ರಿಂದ ಬಂದ ನೋಟು, ಅದನ್ನೇ ಕೇಳಿ ತಗೊಳ್ಳಿ. ಪೆನ್ನಿನ ಗೀಟು, ಸೀಲಿನ ಗುರುತು, ಮಡಿಕೆಯಲ್ಲಿ ಸಣ್ಣ ಹರಕು ಇದ್ದರೆ ಅಲ್ಲಿ "ನೋ" ಅಂದುಬಿಡುತ್ತಾರೆ. ನಾನು ಜಯನಗರದ ಅಂಗಡಿಯಲ್ಲಿ ಆರು ನೋಟನ್ನೂ ಟ್ಯೂಬ್‌ಲೈಟ್ ಕೆಳಗೆ ಎರಡೂ ಕಡೆ ತಿರುಗಿಸಿ ನೋಡಿದೆ. ಒಂದರ ಮೂಲೆಯಲ್ಲಿ ಬಾಲ್‌ಪೆನ್ನಿನಲ್ಲಿ ಸಣ್ಣದಾಗಿ ಏನೋ ಬರೆದಿತ್ತು. ಬದಲಾಯಿಸಿ ಕೊಡಿ ಅಂದೆ, ಮಾತಿಲ್ಲದೆ ಕೊಟ್ಟರು. ಕೇಳುವುದಕ್ಕೆ ಸಂಕೋಚ ಬೇಡ. ಮನೆಗೆ ತಂದು ಒಂದು ಗಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮಡಿಸದೆ, ಪುಸ್ತಕದ ನಡುವೆ ಇಟ್ಟೆ.

ಕಾಯಿದೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಒಂದು ಪ್ರಯಾಣಕ್ಕೆ ಒಬ್ಬರು ನೋಟಿನ ರೂಪದಲ್ಲಿ 3,000 ಡಾಲರ್‌ವರೆಗೆ ತಗೊಳ್ಳಬಹುದು. ಉಳಿದದ್ದು ಕಾರ್ಡಿನಲ್ಲಿರಬೇಕು. ವಿದೇಶಿ ನೋಟಿಗೆ ನೀವು ಕೊಡುವ ರೂಪಾಯಿ ಐವತ್ತು ಸಾವಿರ ದಾಟಿದರೆ ಕೈಯಲ್ಲಿ ನಗದು ಕೊಡುವ ಹಾಗಿಲ್ಲ. ಬ್ಯಾಂಕ್ ಖಾತೆಯಿಂದ ಹೋಗಬೇಕು. ನಮ್ಮ 600 ಡಾಲರ್‌ಗೆ ಸ್ವಲ್ಪ ದಾಟಿತು, ಹಾಗಾಗಿ ಖಾತೆಯಿಂದ ಕಳಿಸಿದೆ. ಪ್ಯಾನ್ ಕಾರ್ಡ್, ಪಾಸ್‌ಪೋರ್ಟ್, ಟಿಕೆಟ್ ಜೊತೆಗೆ ತಗೊಂಡು ಹೋಗಿ. ರಸೀದಿ ಬಿಸಾಡಬೇಡಿ, ಉಳಿದ ಡಾಲರ್ ವಾಪಸ್ ಕೊಡುವಾಗ ಅದು ಬೇಕಾಗುತ್ತದೆ. ನಮ್ಮ ರೂಪಾಯಿ 25,000ದವರೆಗೆ ಹೊರಗೆ ಒಯ್ಯಬಹುದು, ಆದರೆ ಅಷ್ಟು ಯಾಕೆ? ವಾಪಸ್ ಬಂದಾಗ ವಿಮಾನ ನಿಲ್ದಾಣದಿಂದ ಮನೆಗೆ ಟ್ಯಾಕ್ಸಿ, ದಾರಿಯಲ್ಲಿ ಕಾಫಿ, ಇಷ್ಟಕ್ಕೆ ಎರಡು ಸಾವಿರ ಸಾಕು. ಟಿಸಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುಂಗಡವಾಗಿ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತಾರಾ ಅಂತ ಎಲ್ಲರೂ ಕೇಳುತ್ತಾರೆ. ಹೀಗೆ ಕೈಖರ್ಚಿಗೆ ತಗೊಳ್ಳುವ ವಿದೇಶಿ ದುಡ್ಡಿಗೆ 2025ರ ಏಪ್ರಿಲ್‌ನಿಂದ ಅದು ವರ್ಷಕ್ಕೆ ಹತ್ತು ಲಕ್ಷ ದಾಟಿದ ಮೇಲೆ. ನಮ್ಮಂಥವರಿಗೆ ಚಿಂತೆ ಇಲ್ಲ.

ಡಾಲರನ್ನು ವಿಮಾನ ನಿಲ್ದಾಣದಲ್ಲೇ ತಗೊಂಡರಾಯಿತು ಅಂತ ಕೊನೆಗೆ ಬಿಡಬೇಡಿ. ರೇಟಿನಲ್ಲಿ ಎದ್ದು ಕಾಣುವಷ್ಟು ವ್ಯತ್ಯಾಸ ಇರುತ್ತದೆ. ಊರೊಳಗೆ ಎಂ.ಜಿ. ರೋಡ್ ಆಗಲಿ, ಜಯನಗರ ಆಗಲಿ, ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಎರಡು ಮೂರು ಕಡೆ ಫೋನ್ ಮಾಡಿ. "ಎಲ್ಲ ಸೇರಿ 600 ಡಾಲರ್‌ಗೆ ಎಷ್ಟು ಕೊಡಬೇಕು?" ಅಂತ ಒಟ್ಟು ಮೊತ್ತ ಕೇಳಿ. ಬರೀ ರೇಟು ಕೇಳಿದರೆ ತೆರಿಗೆ, ಸೇವಾ ಶುಲ್ಕ ಎಲ್ಲ ಆಮೇಲೆ ಬರುತ್ತದೆ.

ಇನ್ನೊಂದು ಕೆಲಸ ಮನೆಯಲ್ಲೇ ಮುಗಿಸಿ. ವೀಸಾಗೆ ಒಬ್ಬರಿಗೆ ಐದು ಲಕ್ಷ ರುಪಿಯಾ, ಬಾಲಿಯ ಪ್ರವಾಸಿ ಶುಲ್ಕ ಒಬ್ಬರಿಗೆ ಒಂದೂವರೆ ಲಕ್ಷ ರುಪಿಯಾ. ಎರಡನೆಯದು 2024ರ ಫೆಬ್ರವರಿ 14ರಿಂದ ಬಂದಿರುವುದು. ಎರಡನ್ನೂ ಆನ್‌ಲೈನ್‌ನಲ್ಲಿ ಕಟ್ಟಬಹುದು. ಕಟ್ಟಿಬಿಟ್ಟರೆ ಇಳಿದ ಕೂಡಲೇ ದುಡ್ಡು ಬಿಚ್ಚುವ ಪ್ರಸಂಗ ಬರುವುದಿಲ್ಲ. ಹೋಟೆಲಿನವರಿಗೆ ಹೇಳಿ ಕಾರು ಕಳಿಸಿಕೊಂಡರೆ ಇನ್ನೂ ಒಳ್ಳೆಯದು. ರಾತ್ರಿ ಪ್ರಯಾಣ ಮಾಡಿ, ಕಣ್ಣು ಉರಿಯುತ್ತಾ, ಗೊತ್ತಿಲ್ಲದ ಊರಿನಲ್ಲಿ ನೋಟು ಎಣಿಸುವ ಕೆಲಸ ಯಾರಿಗೂ ಬೇಡ.

ಸೊನ್ನೆಗಳ ಲೆಕ್ಕ

ನಾವು ಹೋದಾಗ ಒಂದು ಡಾಲರ್‌ಗೆ ಸುಮಾರು 16,200 ರುಪಿಯಾ. ನೂರು ಡಾಲರ್ ಕೊಟ್ಟರೆ 16 ಲಕ್ಷ 20 ಸಾವಿರ. ಮೊದಲ ದಿನ ತಲೆ ತಿರುಗುತ್ತದೆ. ಒಂದು ಎಳನೀರು 25,000!

ನಾನು ಮಾಡಿದ ಲೆಕ್ಕ ಇದು. ಕೊನೆಯ ಮೂರು ಸೊನ್ನೆ ಬೆರಳಿನಿಂದ ಮುಚ್ಚಿ. ಉಳಿದದ್ದನ್ನು ಐದೂವರೆಯಿಂದ ಗುಣಿಸಿ. 25,000 ಎಳನೀರು ಅಂದರೆ 25, ಐದೂವರೆಯಿಂದ 137 ರೂಪಾಯಿ ಚಿಲ್ಲರೆ. ನಿಜವಾಗಿ ಆಗ ಐದೂಕಾಲಿನ ಆಸುಪಾಸು ಇತ್ತು. ಐದೂವರೆ ಹಿಡಿದರೆ ಖರ್ಚು ಸ್ವಲ್ಪ ಜಾಸ್ತಿ ಕಾಣುತ್ತದೆ, ಕೈ ಬಿಗಿಯಾಗಿರುತ್ತದೆ. ನೀವು ಹೋಗುವ ವಾರದ ರೇಟು ನೋಡಿ ನಿಮ್ಮ ಗುಣಕ ಹಾಕಿಕೊಳ್ಳಿ.

ಅಲ್ಲಿ ಸಾವಿರಕ್ಕೆ "ರಿಬು" ಅನ್ನುತ್ತಾರೆ, ಹತ್ತು ಲಕ್ಷಕ್ಕೆ "ಜುತಾ". ಇವೆರಡು ಪದ ಕಿವಿಗೆ ಬೀಳುವ ಹಾಗೆ ಮಾಡಿಕೊಂಡರೆ ಅರ್ಧ ವ್ಯಾಪಾರ ಸಲೀಸು. "ಲಿಮಾ ಪುಲುಹ್ ರಿಬು" ಅಂದರೆ 50,000. ಬೆಲೆ ಬರೆಯುವಾಗ ಅವರು ಸಾವಿರಕ್ಕೆ ಚುಕ್ಕೆ ಹಾಕುತ್ತಾರೆ, ನಮ್ಮ ಹಾಗೆ ಕಾಮಾ ಅಲ್ಲ. ಬೋರ್ಡಿನಲ್ಲಿ 50.000 ಇದ್ದರೆ ಅದು ಐವತ್ತು ಸಾವಿರ. ಮೆನುವಿನಲ್ಲಿ ಬರೀ 45 ಅಂತ ಇದ್ದರೆ ನಲವತ್ತೈದು ಸಾವಿರ. ಪಕ್ಕದಲ್ಲಿ ಎರಡು ಕೂಡಿಸುವ ಚಿಹ್ನೆ ಇದ್ದರೆ ಹುಷಾರು. ತೆರಿಗೆ ಶೇ. 10, ಸೇವಾ ಶುಲ್ಕ ಶೇ. 5ರಿಂದ 10, ಬಿಲ್ಲಿನಲ್ಲಿ ಆಮೇಲೆ ಸೇರುತ್ತದೆ ಅಂತ ಅರ್ಥ.

ನೋಟಿನ ಬಣ್ಣ ಹೋಟೆಲ್ ರೂಮಿನಲ್ಲಿ ಕೂತು ಕಲಿಯಿರಿ, ಅಂಗಡಿಯ ಮುಂದೆ ಬೇಡ. ಒಂದು ಲಕ್ಷದ್ದು ಕೆಂಪು, 50,000ದ್ದು ನೀಲಿ, 20,000ದ್ದು ಹಸಿರು, 10,000ದ್ದು ನೇರಳೆ, 2,000ದ್ದು ಬೂದಿ ಬಣ್ಣ. ಸಂಜೆ ಮಂದ ಬೆಳಕಿನಲ್ಲಿ ಕೆಂಪು ಲಕ್ಷವೂ ನೇರಳೆ ಹತ್ತು ಸಾವಿರವೂ ಒಂದೇ ಥರ ಕಾಣುತ್ತವೆ. ನಮ್ಮ ಯಜಮಾನರು ಎಳನೀರಿನವನಿಗೆ ಮೂರು ನೋಟು ಕೊಟ್ಟು ನಡೆದೇಬಿಟ್ಟರು. ಅದರಲ್ಲಿ ಒಂದು ಲಕ್ಷದ್ದು. ಆ ಹುಡುಗ ಹಿಂದಿನಿಂದ ಓಡಿ ಬಂದು ವಾಪಸ್ ಕೊಟ್ಟ. ಅವನ ಮುಖ ನನಗೆ ಇನ್ನೂ ನೆನಪಿದೆ. ಅವತ್ತಿನಿಂದ ಲಕ್ಷದ ನೋಟನ್ನು ಬೇರೆ ಖಾನೆಯಲ್ಲೇ ಇಟ್ಟೆವು.

ಗಣಪತಿ ಚಿತ್ರ ಇರುವ 20,000ದ ನೋಟು ಅಂತ ನಿಮ್ಮ ಮೊಬೈಲಿಗೂ ಬಂದಿರಬಹುದು. ಅಂಥ ನೋಟು ಇದ್ದದ್ದು ನಿಜ. 1998ರಲ್ಲಿ ಬಂದದ್ದು, 2008ರ ಕೊನೆಗೆ ಚಲಾವಣೆಯಿಂದ ತೆಗೆದರು. ಈಗ ಯಾರಾದರೂ ಚಿಲ್ಲರೆಯಲ್ಲಿ ಕೊಟ್ಟರೆ ಕೈ ಮುಗಿದು ವಾಪಸ್ ಕೊಡಿ, ಬೇರೆ ನೋಟು ಕೇಳಿ.

ಬದಲಾಯಿಸುವ ಜಾಗ

ಇದನ್ನು ನಿಧಾನವಾಗಿ ಓದಿ. ನನಗೆ ಪೆಟ್ಟು ಬಿದ್ದದ್ದು ಇಲ್ಲೇ.

ಮೊದಲ ದಿನ ಸಂಜೆ ಕೂತಾದಲ್ಲಿ ಒಂದು ಓಣಿ. ಬಟ್ಟೆ ಅಂಗಡಿಯ ಒಳಗೆ ಒಂದು ಸಣ್ಣ ಮೇಜು, ಮುಂದೆ ಬೋರ್ಡು: ಡಾಲರ್‌ಗೆ 16,500, ಕಮಿಷನ್ ಇಲ್ಲ. ಬೇರೆಲ್ಲ ಕಡೆ 16,200 ಇತ್ತು. ಇನ್ನೂರು ಡಾಲರ್ ಕೊಟ್ಟೆವು. 33 ಲಕ್ಷ ಬರಬೇಕು. ಆತ ಎಲ್ಲವನ್ನೂ 50,000ದ ನೋಟಿನಲ್ಲಿ ಕೊಟ್ಟ. 66 ನೋಟು. ಲಕ್ಷದ ನೋಟು ಇಲ್ಲ ಅಂದ. ಮೇಜಿನ ಮೇಲೆ ಹತ್ತು ಹತ್ತರಂತೆ ಆರು ಗುಡ್ಡೆ ಮಾಡಿದ, ಮೇಲೆ ಆರು ನೋಟು. ನಾನು ಒಂದೊಂದೇ ಎಣಿಸಿದೆ. ಸರಿಯಾಗಿತ್ತು. ಆಗ ಆತ "ಒಂದು ನಿಮಿಷ" ಅಂತ ನಗುತ್ತಾ ಎಲ್ಲ ಗುಡ್ಡೆಯನ್ನೂ ಒಟ್ಟಿಗೆ ಎತ್ತಿಕೊಂಡ. ಮೇಜಿಗೆ ಕುಟ್ಟಿ ಅಂಚು ಸರಿ ಮಾಡಿದ. ಎರಡು ಸಲ ಕುಟ್ಟಿದ. ರಬ್ಬರ್ ಬ್ಯಾಂಡ್ ಹಾಕಿ ಕೈಗೆ ಕೊಟ್ಟ. ನಾನು ಬ್ಯಾಗಿಗೆ ಹಾಕಿಕೊಂಡೆ.

ಹೋಟೆಲಿನಲ್ಲಿ ಬಿಚ್ಚಿ ಎಣಿಸಿದರೆ 58. ಎಂಟು ನೋಟು ಇಲ್ಲ. ನಾಲ್ಕು ಲಕ್ಷ ರುಪಿಯಾ, ನಮ್ಮ ಲೆಕ್ಕಕ್ಕೆ ಎರಡು ಸಾವಿರದ ಮೇಲೆ. ಕುಟ್ಟಿ ಅಂಚು ಸರಿ ಮಾಡುವಾಗ ಕೆಳಗಿನ ಕೆಲವು ನೋಟನ್ನು ಹೆಬ್ಬೆರಳಿನಲ್ಲಿ ಹಿಂದಕ್ಕೆ ಜಾರಿಸಿ ಮೇಜಿನ ಆ ಕಡೆ ಬೀಳಿಸಿದ್ದ. ನಾನು ಜೀವಮಾನವಿಡೀ ಮಾಡಿದ ಕೆಲಸ ಅದು, ನೋಟು ಕುಟ್ಟಿ ಅಂಚು ಸರಿ ಮಾಡುವುದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಯಜಮಾನರು "ಹೋಗ್ಲಿ ಬಿಡು, ದೃಷ್ಟಿ ಹೋಯ್ತು ಅಂದ್ಕೋ" ಅಂದರು. ಬಿಡುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಅದಕ್ಕೇ ಇಲ್ಲಿ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ನೀವು ಹೀಗೆ ಮಾಡಿ. ಎಲ್ಲರಿಗಿಂತ ಜಾಸ್ತಿ ರೇಟಿನ ಬೋರ್ಡು ಕಂಡರೆ ಆ ಕಡೆ ತಿರುಗಬೇಡಿ. ಬ್ಯಾಂಕ್ ಇಂಡೋನೇಷ್ಯಾದ (ಅಲ್ಲಿನ ರಿಸರ್ವ್ ಬ್ಯಾಂಕ್) ಪರವಾನಗಿ ಫಲಕ, ಗಾಜಿನ ಕೌಂಟರ್, ಕ್ಯಾಮೆರಾ, ಎಣಿಸುವ ಮೆಷಿನ್, ಛಾಪಿಸಿದ ರಸೀದಿ ಇರುವ ಅಂಗಡಿಗೆ ಹೋಗಿ. ಬಟ್ಟೆ, ಟ್ಯಾಟೂ, ಸಿಮ್ ಕಾರ್ಡು ಮಾರುವ ಅಂಗಡಿಯೊಳಗಿನ ಮೇಜು ಬೇಡ. ಡಾಲರ್ ನಿಮ್ಮ ಕೈಯಲ್ಲೇ ಇರಲಿ. ಮೊದಲು ಮೊತ್ತವನ್ನು ನಿಮ್ಮ ಮೊಬೈಲಿನ ಕ್ಯಾಲ್ಕುಲೇಟರ್‌ನಲ್ಲಿ ನೀವೇ ಹಾಕಿ ತೋರಿಸಿ. ಲಕ್ಷದ ನೋಟು ಕೇಳಿ. ನೋಟಿನ ಸಂಖ್ಯೆ ಕಡಿಮೆಯಾದಷ್ಟೂ ಕೈಚಳಕಕ್ಕೆ ಜಾಗ ಕಡಿಮೆ. ಇಬ್ಬರಿದ್ದರೆ ಒಬ್ಬರು ಎಣಿಸಿ, ಇನ್ನೊಬ್ಬರು ಅವರ ಕೈಯನ್ನೇ ನೋಡುತ್ತಿರಿ.

ಎಲ್ಲಕ್ಕಿಂತ ಮುಖ್ಯ, ಕೊನೆಗೆ ಎಣಿಸುವವರು ನೀವಾಗಿರಬೇಕು. ನೀವು ಎಣಿಸಿದ ಮೇಲೆ ನೋಟು ಸೀದಾ ನಿಮ್ಮ ಬ್ಯಾಗಿಗೆ. ಆಮೇಲೆ ಅವರು ಒಂದು ಬೆರಳು ಮುಟ್ಟಿದರೂ ಮೊದಲಿಂದ ಎಣಿಸಿ. "ಲೇಟಾಯ್ತು, ಅಂಗಡಿ ಮುಚ್ಚಬೇಕು" ಅಂದರೆ ನೋಟು ಅಲ್ಲೇ ಇಟ್ಟು ಡಾಲರ್ ವಾಪಸ್ ತಗೊಂಡು ಬನ್ನಿ. ಬ್ಯಾಂಕಿನಲ್ಲಿ ನಮಗೆ ಮೊದಲ ವಾರ ಕಲಿಸಿದ್ದೂ ಇದನ್ನೇ: ಕೌಂಟರ್ ಬಿಟ್ಟ ಮೇಲೆ ಲೆಕ್ಕ ಇಲ್ಲ. ಕೌಂಟರಿನ ಈಚೆ ಕಡೆ ನಿಂತಾಗಲೂ ಅದು ಅನ್ವಯಿಸುತ್ತದೆ.

ಆಮೇಲೆ ಉಬುದ್‌ನಲ್ಲಿ ಎರಡು ಸಲ ನೂರು ನೂರು ಡಾಲರ್ ಬದಲಾಯಿಸಿದೆ. ಗಾಜಿನ ಹಿಂದೆ ಒಬ್ಬ ಹುಡುಗಿ. ಮೆಷಿನ್‌ನಲ್ಲಿ ಎರಡು ಸಲ ಓಡಿಸಿ, ನನ್ನ ಕಡೆ ತಿರುಗಿಸಿ ತೋರಿಸಿ, ರಸೀದಿ ಕೊಟ್ಟಳು. ನಾನು ಕೈಯಲ್ಲಿ ಎಣಿಸುವುದನ್ನು ನೋಡಿ "ಇಬು, ಬ್ಯಾಂಕ್?" ಅಂತ ಕೇಳಿದಳು. ಇಬು ಅಂದರೆ ಅಮ್ಮ, ದೊಡ್ಡವರಿಗೆ ಹಾಗೆ ಕರೆಯುತ್ತಾರೆ. ಹೌದು ಅಂದೆ. ನೋಟನ್ನು ಬೀಸಣಿಗೆ ಥರ ಬಿಡಿಸಿ ಎಣಿಸುವ ನಮ್ಮ ರೀತಿ ಅವಳಿಗೂ ಬರುತ್ತಿತ್ತು. ಮಾಡಿ ತೋರಿಸಿದಳು.

ಎಟಿಎಂ ಮತ್ತು ಕಾರ್ಡು

ಕಾರ್ಡಿನಲ್ಲಿ ವಿದೇಶಿ ಬಳಕೆಯನ್ನು ಬ್ಯಾಂಕಿನ ಆ್ಯಪಿನಲ್ಲಿ ನೀವೇ ಆನ್ ಮಾಡಬೇಕು. 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡು ಆಫ್ ಆಗಿಯೇ ಬರುತ್ತದೆ. ಇಲ್ಲಿಂದ ಹೊರಡುವ ದಿನ ಆನ್ ಮಾಡಿ, ಎಟಿಎಂಗೆ ದಿನದ ಮಿತಿ ಹಾಕಿ.

ಅಲ್ಲಿನ ಎಟಿಎಂ ಮೇಲೆ 50.000 ಅಥವಾ 100.000 ಅಂತ ಸ್ಟಿಕರ್ ಇರುತ್ತದೆ. ಆ ಮೆಷಿನ್‌ನಲ್ಲಿ ಯಾವ ನೋಟು ಬರುತ್ತದೆ ಅಂತ ಅದು ಹೇಳುತ್ತದೆ. ಬ್ಯಾಂಕಿನ ಶಾಖೆಗೆ ಅಂಟಿಕೊಂಡಿರುವ ಮೆಷಿನ್ ಹುಡುಕಿ, ಹಗಲಿನಲ್ಲಿ ಹೋಗಿ. ಅನೇಕ ಮೆಷಿನ್‌ಗಳಲ್ಲಿ ಮೊದಲು ದುಡ್ಡು ಬರುತ್ತದೆ, ಕಾರ್ಡು ಆಮೇಲೆ. ದುಡ್ಡು ಸಿಕ್ಕಿತಲ್ಲ ಅಂತ ತಿರುಗಿ ನಡೆದರೆ ಕಾರ್ಡು ಅಲ್ಲೇ ಉಳಿಯುತ್ತದೆ. ಕಾರ್ಡು ಕೈಗೆ ಬರುವವರೆಗೆ ನೋಟು ಎಣಿಸುವುದಕ್ಕೂ ಹೋಗಬೇಡಿ.

ಮೆಷಿನ್ ಒಂದು ಪ್ರಶ್ನೆ ಕೇಳುತ್ತದೆ: ನಿಮ್ಮ ರೂಪಾಯಿಗೆ ಪರಿವರ್ತಿಸಿ ಕತ್ತರಿಸಲಾ? ರೂಪಾಯಿ ಕಂಡ ಕೂಡಲೇ ಹತ್ತಿರದ್ದು ಅನ್ನಿಸಿ ಹೂಂ ಅಂದುಬಿಡುತ್ತೇವೆ. ಬೇಡ ಅನ್ನಿ. ರುಪಿಯಾದಲ್ಲೇ ಕತ್ತರಿಸಲಿ. ಇಲ್ಲದಿದ್ದರೆ ಅವರು ಹೇಳಿದ್ದೇ ರೇಟು, ಅದು ನಿಮಗೆ ನಷ್ಟ. ಹೋಟೆಲಿನ ಕಾರ್ಡ್ ಮೆಷಿನ್‌ನಲ್ಲೂ ಇದೇ ಮಾತು. ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ಪರಿವರ್ತನೆಗೆ ಶೇ. 3.5ರ ಹತ್ತಿರ ಹಾಕಿ, ಅದರ ಮೇಲೆ ಜಿಎಸ್‌ಟಿ ಸೇರಿಸುತ್ತವೆ. ಎಟಿಎಂಗೆ ಪ್ರತಿ ಸಲಕ್ಕೂ ಬೇರೆ ಶುಲ್ಕ ಇರುತ್ತದೆ. ಹಾಗಾಗಿ ಐದು ಸಲ ಸ್ವಲ್ಪ ಸ್ವಲ್ಪ ತೆಗೆಯುವ ಬದಲು ಒಂದೇ ಸಲ ಬೇಕಾದಷ್ಟು ತೆಗೆಯಿರಿ. ನಾನು ತೆಗೆದದ್ದು ಒಂದೇ ಸಲ, ಹತ್ತು ಲಕ್ಷ, ನುಸಾ ಪೆನಿಡಾಗೆ ಹೋಗುವ ಹಿಂದಿನ ದಿನ ಸಾನೂರ್‌ನಲ್ಲಿ. ಸಣ್ಣ ದ್ವೀಪಕ್ಕೆ ದೋಣಿ ಹತ್ತುವ ಮುಂಚೆ ಕೈಯಲ್ಲಿ ದುಡ್ಡು ಇರಲೇಬೇಕು. ಅಲ್ಲಿ ಎಟಿಎಂ ಕಡಿಮೆ. ಇದ್ದರೂ ನೀವು ಹೋದ ಹೊತ್ತಿಗೆ ಖಾಲಿ ಆಗಿದ್ದರೆ ಏನು ಮಾಡುತ್ತೀರಿ?

ಮಾರ್ಚ್‌ನಲ್ಲಿ ಹೋಗುವವರಿಗೆ ಒಂದು ಎಚ್ಚರಿಕೆ. ಬಾಲಿಯವರ ಹೊಸ ವರ್ಷ ನ್ಯೆಪಿ, ಅದೂ ಶಕ ವರ್ಷವೇ. ಕೆಲವು ವರ್ಷ ನಮ್ಮ ಯುಗಾದಿಯ ಪಕ್ಕದಲ್ಲೇ ಬರುತ್ತದೆ. 2025ರಲ್ಲಿ ಮಾರ್ಚ್ 29ಕ್ಕೆ ನ್ಯೆಪಿ, 30ಕ್ಕೆ ಯುಗಾದಿ. ನ್ಯೆಪಿ ದಿನ 24 ಗಂಟೆ ವಿಮಾನ ನಿಲ್ದಾಣವೇ ಮುಚ್ಚಿರುತ್ತದೆ. ಅಂಗಡಿ ಇಲ್ಲ, ರಸ್ತೆಗೆ ಯಾರೂ ಇಳಿಯುವ ಹಾಗಿಲ್ಲ. ಹಿಂದಿನ ದಿನ ಸಂಜೆಯೊಳಗೆ ದುಡ್ಡಿನ ಕೆಲಸ, ತಿಂಡಿಯ ಕೆಲಸ ಎರಡೂ ಮುಗಿದಿರಬೇಕು.

ಅಜ್ಜಿಯ ಸಂಚಿ

ಈಗ ದುಡ್ಡು ಮೈಮೇಲೆ ಇಟ್ಟುಕೊಳ್ಳುವ ವಿಷಯ. ನಮ್ಮಜ್ಜಿಯ ಎಲೆ ಅಡಿಕೆ ಸಂಚಿ ನೆನಪಿದೆಯಾ ನಿಮಗೆ, ನಿಮ್ಮ ಮನೆಯಲ್ಲೂ ಇದ್ದಿರಬಹುದು. ದಾರ ಎಳೆದರೆ ಬಾಯಿ ಮುಚ್ಚುವ ಬಟ್ಟೆ ಚೀಲ, ಒಳಗೆ ಖಾನೆ ಖಾನೆ. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು. ಎಲ್ಲಕ್ಕಿಂತ ಒಳಗಿನ ಖಾನೆಯಲ್ಲಿ ದುಡ್ಡು. ಅಜ್ಜಿ ಯಾವತ್ತೂ ದುಡ್ಡು ಹುಡುಕಿದ್ದನ್ನು ನಾನು ನೋಡಿಲ್ಲ. ಕೈ ಹಾಕಿದರೆ ಬೇಕಾದ ನೋಟೇ ಬರುತ್ತಿತ್ತು.

ಅದೇ ಅಳತೆಗೆ ಡಿವಿಜಿ ರಸ್ತೆಯ ಟೈಲರ್ ಹತ್ತಿರ ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಒಂದು ಹೊಲಿಸಿದೆ. ದಾರ ಉದ್ದ ಇಡಿಸಿದೆ, ಕುತ್ತಿಗೆಗೆ ಹಾಕಿ ಕುರ್ತಾ ಒಳಗೆ ಬಿಡುವ ಹಾಗೆ. ಒಳ ಖಾನೆಯಲ್ಲಿ ಲಕ್ಷದ ನೋಟು, ಮಧ್ಯದಲ್ಲಿ 50,000ದ್ದು, ಅವತ್ತಿಗೆ ಬೇಕಾದಷ್ಟು ಮಾತ್ರ. ಚಿಲ್ಲರೆ ನೋಟು ಸಂಚಿಯಲ್ಲಿ ಅಲ್ಲ, ಕೈಚೀಲದ ಹೊರ ಜೇಬಿನಲ್ಲಿ. ಪಾರ್ಕಿಂಗ್‌ಗೆ 2,000, 5,000 ಕೊಡಲು ಎಲ್ಲರ ಮುಂದೆ ಸಂಚಿ ಬಿಚ್ಚಬಾರದು. ಡಾಲರ್ ಮತ್ತು ಎರಡನೇ ಕಾರ್ಡು ಹೋಟೆಲ್ ರೂಮಿನ ಲಾಕರ್‌ನಲ್ಲಿ. ಲಾಕರ್ ಮುಚ್ಚುವ ಮುಂಚೆ ಹಳೇ ನಂಬರ್ ತೆಗೆದು ನಿಮ್ಮದು ಹಾಕಿ, ಒಮ್ಮೆ ತೆರೆದು ನೋಡಿ. ಗಂಡ ಹೆಂಡತಿ ಇಬ್ಬರೂ ಹೋದರೆ ಒಂದೇ ಬ್ಯಾಂಕಿನ ಎರಡು ಕಾರ್ಡು ಒಂದೇ ಪರ್ಸಿನಲ್ಲಿ ಇಡಬೇಡಿ. ಒಂದು ಕಳೆದರೆ ಇನ್ನೊಂದು ಬೇರೆ ಕಡೆ ಇರಲಿ.

ನೀರಿಗೆ ಇಳಿಯುವ ದಿನ ಎರಡು ಲಕ್ಷ ರುಪಿಯಾಕ್ಕಿಂತ ಜಾಸ್ತಿ ಒಯ್ಯಬೇಡಿ. ಅದೂ ಜಿಪ್ ಕವರಿನಲ್ಲಿ. ಉಪ್ಪು ನೀರಿನಲ್ಲಿ ನೆಂದ ನೋಟು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಎಳೆದು ಬಿಡಿಸಿದರೆ ಹರಿಯುತ್ತದೆ. ನೆರಳಿನಲ್ಲಿ ಟವೆಲ್ ಮೇಲೆ ಹರಡಿ ಒಣಗಿಸಿ, ತಾನೇ ಬಿಟ್ಟುಕೊಳ್ಳುತ್ತದೆ.

ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ಟ್ಯಾಲಿ ಮಾಡಿ. ಬೆಳಿಗ್ಗೆ ಎಷ್ಟಿತ್ತು, ಏನೇನು ಕೊಟ್ಟೆವು, ಎಷ್ಟು ಉಳಿಯಿತು. ಹೋಟೆಲಿನ ಕಾಗದದ ಮೇಲೆ ಬರೆದರೂ ಸಾಕು. "ರೀ, ಐವತ್ತು ಸಾವಿರ ಲೆಕ್ಕಕ್ಕೆ ಸಿಗ್ತಿಲ್ಲ" ಅಂತ ನಾನು ಅಂದರೆ, ಅವರು ಸ್ವಲ್ಪ ಯೋಚಿಸಿ "ಡ್ರೈವರ್‌ಗೆ ಊಟಕ್ಕೆ ಕೊಟ್ಟೆನಲ್ಲ" ಅನ್ನುವರು. ಅವತ್ತೇ ಕೇಳಿದರೆ ನೆನಪಿರುತ್ತದೆ.

ಖರ್ಚು ಎಲ್ಲಿ ಹೇಗೆ

ನಮ್ಮ ಆರು ದಿನದ ನಗದು ಖರ್ಚು ಇಬ್ಬರಿಗೂ ಸೇರಿ ಸುಮಾರು 71 ಲಕ್ಷ ರುಪಿಯಾ, ಅಂದರೆ 37 ಸಾವಿರ ರೂಪಾಯಿ ಚಿಲ್ಲರೆ. ಹೋಟೆಲು ಇದರಲ್ಲಿ ಇಲ್ಲ, ಅದನ್ನು ಇಲ್ಲಿಂದಲೇ ಕಾರ್ಡಿನಲ್ಲಿ ಕಟ್ಟಿದ್ದೆವು. ನಾಲ್ಕು ದಿನ ಕಾರು ಮತ್ತು ಡ್ರೈವರ್, ದಿನಕ್ಕೆ ಏಳು ಲಕ್ಷದಂತೆ 28 ಲಕ್ಷ. ಊಟ ತಿಂಡಿ 15 ಲಕ್ಷ. ಪೆನಿಡಾ ದೋಣಿ, ಅಲ್ಲಿನ ಕಾರು ಸೇರಿ 12. ದೇವಸ್ಥಾನ, ನೃತ್ಯದ ಟಿಕೆಟ್ ಎಲ್ಲ 6. ಉಳಿದ ಹತ್ತು ಬಟ್ಟೆ, ಎಳನೀರು, ಸಣ್ಣ ಪುಟ್ಟ. ಪಾರ್ಟಿ, ಸ್ಪಾ, ಸ್ಕೂಬಾ ಅಂತ ಹೋಗುವ ಮಕ್ಕಳಿಗೆ ಈ ಲೆಕ್ಕ ಸಾಲದು.

ಡ್ರೈವರ್ ಹತ್ತಿರ ಮೊದಲೇ ಮಾತಾಡಿ: ಪೆಟ್ರೋಲು ಸೇರಿದೆಯಾ, ಪಾರ್ಕಿಂಗ್ ಯಾರದ್ದು, ಎಷ್ಟು ಗಂಟೆ. ದುಡ್ಡು ದಿನದ ಕೊನೆಗೆ ಕೊಡಿ. ಊಟಕ್ಕೆ ವಾರುಂಗ್ ಅನ್ನುವ ಸಣ್ಣ ಅಂಗಡಿ ಚೆನ್ನ. ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ, ಅನ್ನ, ತೆಂಪೆ (ಸೋಯಾ ಕಾಳು ಹುದುಗಿಸಿ ಮಾಡುವ ಬಿಲ್ಲೆ), ತರಕಾರಿ ಕೇಳಿ ಹಾಕಿಸಿಕೊಂಡೆವು. ತಟ್ಟೆಗೆ 35,000ದಿಂದ 40,000. ದೇವಸ್ಥಾನಗಳಲ್ಲಿ ನಾವು ಕೊಟ್ಟದ್ದು ತಲೆಗೆ ಹೆಚ್ಚಾಗಿ 50,000 ಅಥವಾ 75,000. ಟಿಕೆಟ್ ಕೊಟ್ಟ ಮೇಲೆ ಒಳಗೆ ಯಾರಾದರೂ "ದಾನ" ಅಂತ ಪುಸ್ತಕ ಹಿಡಿದು ಬಂದರೆ ಮನಸ್ಸಿದ್ದಷ್ಟು ಕೊಡಿ. ಹಿಂದಿನ ಸಾಲಿನಲ್ಲಿ ಬರೆದಿರುವ ದೊಡ್ಡ ಮೊತ್ತ ನೋಡಿ ಗಾಬರಿಯಾಗಬೇಡಿ. ದೇವಸ್ಥಾನದೊಳಗೆ ಸೊಂಟಕ್ಕೆ ಸುತ್ತಿಕೊಳ್ಳುವ ಬಟ್ಟೆ, ಸಾರೋಂಗ್, ಒಂದು ನಿಮ್ಮದೇ ಇದ್ದರೆ ಒಳ್ಳೆಯದು.

ಸುಕಾವತಿ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಲೇಬೇಕು. ನಮಗೆ ಚಿಕ್ಕಪೇಟೆಯ ಅಭ್ಯಾಸ ಇದೆ, ಕಷ್ಟವಿಲ್ಲ. ಬೆಳಿಗ್ಗೆ ಬೇಗ ಹೋದರೆ ಬೋಣಿ ಬೆಲೆಗೆ ಕೊಡುತ್ತಾರೆ. ಕೊಟ್ಟ ನೋಟನ್ನು ಅಂಗಡಿಯಾಕೆ ಉಳಿದ ಬಟ್ಟೆಗಳ ಮೇಲೆಲ್ಲ ಸವರಿ, ಅದೃಷ್ಟ ತರಲಿ ಅಂದುಕೊಳ್ಳುತ್ತಾಳೆ. ನಮ್ಮ ಕಡೆ ಬೋಣಿ ನೋಟು ಕಣ್ಣಿಗೊತ್ತಿಕೊಳ್ಳುವ ಹಾಗೆಯೇ. ನೋಡಿ ಮನಸ್ಸು ತುಂಬಿತು. ಅಲ್ಲೇ ಪೂಜೆ ಸಾಮಾನಿನ ಅಂಗಡಿಯಲ್ಲಿ ನಡುವೆ ತೂತಿರುವ ಹಿತ್ತಾಳೆ ಬಣ್ಣದ ನಾಣ್ಯದ ಸರ ನೇತಾಡುತ್ತಿತ್ತು. ಹಳೇ ಚೀನೀ ನಾಣ್ಯದ ಮಾದರಿ, ಈಗಲೂ ಅವರ ಪೂಜೆಗೆ ಬೇಕಂತೆ. ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ 1943ರ ತೂತಿನ ಕಾಸು ಒಂದಿದೆ, ಅದೇ ನೆನಪಾಯಿತು.

ಸಣ್ಣ ಅಂಗಡಿಗಳಲ್ಲಿ ಕಾರ್ಡು ಕೊಟ್ಟರೆ ಶೇ. 2, 3 ಜಾಸ್ತಿ ಕೇಳುತ್ತಾರೆ. ಚಿಲ್ಲರೆ ಇಲ್ಲದಾಗ ಮಿಠಾಯಿ ಕೊಡುವುದೂ ಉಂಟು, ನಮ್ಮಲ್ಲಿ ಮೊದಲು ಚಾಕೊಲೇಟ್ ಕೊಡುತ್ತಿದ್ದ ಹಾಗೆ. ಬೆಳಿಗ್ಗೆ ಮೊದಲು ಹೋಗುವ ಸೂಪರ್ ಮಾರ್ಕೆಟಿನಲ್ಲಿ ನೀರಿನ ಬಾಟಲಿ ತಗೊಂಡು ಲಕ್ಷದ ನೋಟು ಮುರಿಸಿಬಿಡಿ, ಇಡೀ ದಿನಕ್ಕೆ ಚಿಲ್ಲರೆ ಆಗುತ್ತದೆ.

ಕೊನೆಯ ದಿನ

ನಾಲ್ಕನೇ ದಿನದಿಂದಲೇ ರುಪಿಯಾ ಇಳಿಸುತ್ತಾ ಬನ್ನಿ. ಬೆಂಗಳೂರಿಗೆ ತಂದರೆ ಅದಕ್ಕೆ ಬೆಲೆ ಕಡಿಮೆ. ಡಾಲರ್ ಆದರೆ ಉಳಿದರೂ ತೊಂದರೆ ಇಲ್ಲ. ವಾಪಸ್ ಬಂದ ಮೇಲೆ 2,000 ಡಾಲರ್‌ವರೆಗೆ ಮನೆಯಲ್ಲೇ ಇಟ್ಟುಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಇದ್ದರೆ 180 ದಿನದೊಳಗೆ ಒಪ್ಪಿಸಬೇಕು. ಹಾಗಾಗಿ ಕೊನೆಯಲ್ಲಿ ನೂರು ಡಾಲರ್ ಮುರಿಸಬೇಕಾ ಬೇಡವಾ ಅಂತ ಅನುಮಾನ ಬಂದರೆ ಮುರಿಸಬೇಡಿ, ಆ ಒಂದು ಊಟಕ್ಕೆ ಕಾರ್ಡು ಕೊಡಿ. ಹೋಟೆಲಿನಿಂದ ವಿಮಾನ ನಿಲ್ದಾಣಕ್ಕೆ ಕಾರಿಗೆ ಎರಡೂವರೆ ಲಕ್ಷ ಬೇರೆ ತೆಗೆದಿಟ್ಟಿದ್ದೆ. ಅದನ್ನು ಮುಟ್ಟಲಿಲ್ಲ.

ನಮ್ಮ ಹತ್ತಿರ ಉಳಿದದ್ದು ಎರಡು ನೂರರ ಡಾಲರ್ ನೋಟು, 37,000 ರುಪಿಯಾ. ರುಪಿಯಾವನ್ನು ರೂಮು ಗುಡಿಸುತ್ತಿದ್ದ ಹೆಂಗಸಿನ ಕೈಗೆ ಕೊಟ್ಟೆ. ಡಾಲರ್ ಒಂದನ್ನು ಜಯನಗರದ ಅದೇ ಅಂಗಡಿಗೆ ವಾಪಸ್ ಕೊಟ್ಟೆ, ಹಳೇ ರಸೀದಿ ತೋರಿಸಿದ್ದಕ್ಕೆ ಬೇಗ ಆಯಿತು. ಇನ್ನೊಂದು ಪ್ಲಾಸ್ಟಿಕ್ ಕವರಿನಲ್ಲೇ ಇದೆ, ಮಡಿಸದೆ. ಸಂಚಿ ಈಗ ನನ್ನ ತಂಗಿಯ ಮನೆಯಲ್ಲಿದೆ. ಮುಂದಿನ ತಿಂಗಳು ಅವಳು ಮಾರಿಷಸ್‌ಗೆ ಹೊರಟಿದ್ದಾಳೆ. "ಅಲ್ಲಿ ಯುಪಿಐ ಇದೆ ಅಲ್ವಾ ಅಕ್ಕ, ಇದು ಬೇಕಾ?" ಅಂದಳು. ದಾರ ಸ್ವಲ್ಪ ಸವೆದಿದೆ, ಹೊಸದು ಹಾಕಿಸಿಕೋ ಅಂತ ಹೇಳಿ ಕೊಟ್ಟು ಕಳಿಸಿದೆ.